ಹಿಲ್ಮಿ ತಂದ ಕಪಾಟುಗಳು

ಹೇಸಿಗೆ ನನಗೆ ಬೇಗ ಆಗುವುದಿಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿ ಬದುಕು ಸವೆಸಿದವಳು ನಾನು. ಕೀವು ಕಟ್ಟಿದ ಪಟ್ಟಿ ಬಿಚ್ಚಿದ ಕೈಯನ್ನೇ ಸೋಪು ಹಚ್ಚಿ ತೊಳೆದುಕೊಂಡು, ಅದೇ ಕೈಯಲ್ಲಿ ರೊಟ್ಟಿ ಮುರಿದು ತಿಂದಿದ್ದೇನೆ. ಅಂಥ ನನಗೆ ನನ್ನ ಒಡಹುಟ್ಟಿದ ತಮ್ಮನ ಮನೆಯ ಹಜಾರದಲ್ಲಿ, ಪಟ್ಟಪಗಲಿನಲ್ಲಿ, ಬಾಯಿ ಮುಚ್ಚಿಕೊಂಡು ಬಾಲ್ಕನಿಗೆ ಓಡುವ ಹಾಗಾಯಿತು.

ತಮ್ಮನ ಹೆಸರು ಹಿಲ್ಮಿ. ಅಲೆಕ್ಸಾಂಡ್ರಿಯದ ಬಂದರಿನಲ್ಲಿ ಸುಂಕದ ಕಚೇರಿಯಲ್ಲಿದ್ದು ನಿವೃತ್ತನಾದವನು. ಅವನ ಹೆಂಡತಿ ಸಫಿನಾಜ್ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಅವರಿಗೆ ಮಕ್ಕಳಿಲ್ಲ. ಕ್ಲಿಯೋಪಾತ್ರ ಬಡಾವಣೆಯಲ್ಲಿ ಟ್ರಾಮ್ ಹಳಿಯ ಪಕ್ಕದ ಹಳೇ ಕಟ್ಟಡ ನಮ್ಮದು. ಗಂಡ ತೀರಿಕೊಂಡ ಮೇಲೆ ನಾನು ಅದರ ಎರಡನೇ ಮಹಡಿಯಲ್ಲಿ, ಮೆಟ್ಟಿಲಿನ ಆಚೆ ಬದಿಗೆ ಒಬ್ಬಳೇ ಇದ್ದೇನೆ. ಮೂರನೆಯದರಲ್ಲಿ ಅವರಿಬ್ಬರು. ಅವರ ನೆತ್ತಿಯ ಮೇಲೆ, ನಾಲ್ಕನೆಯದರಲ್ಲಿ, ನಿವೃತ್ತ ನ್ಯಾಯಾಧೀಶ ಶೌಕತ್ ಪಾಷಾ ಮತ್ತು ಅವರ ಹೆಂಡತಿ ನಾಜ್ಲಿ ಹಾನಂ. ಪಾಷಾ ಎನ್ನುವ ಬಿರುದು ದೇಶ ಬಿಟ್ಟ ರಾಜರ ಜೊತೆಗೇ ಹಡಗು ಹತ್ತಿ ಹೋಯಿತು. ಹಿಲ್ಮಿಯ ನಾಲಿಗೆಯಿಂದ ಮಾತ್ರ ಅದು ಇನ್ನೂ ಇಳಿದಿರಲಿಲ್ಲ.

ಸಫಿನಾಜ್‌ಳ ತಂದೆ ಹಡಗುಗಳನ್ನು ಬಂದರಿನೊಳಕ್ಕೆ ನಡೆಸಿ ತರುವ ಕೆಲಸದಲ್ಲಿದ್ದವರು. ಅವರು ಸತ್ತಾಗ ಮಗಳ ಪಾಲಿಗೆ ಬಂದದ್ದು ಪುಸ್ತಕಗಳು: ಭೂಪಟದ ದಪ್ಪ ದಪ್ಪ ಸಂಪುಟಗಳು, ಊರೂರು ತಿರುಗಿದವರ ಬರಹಗಳು, ಸಮುದ್ರದ ಬಗ್ಗೆ ಫ್ರೆಂಚಿನಲ್ಲಿ ಏನೇನೋ. ಮದುವೆಯಾದಂದಿನಿಂದ ಅವು ರಟ್ಟಿನ ಪೆಟ್ಟಿಗೆಗಳಲ್ಲಿ ಮಂಚದ ಕೆಳಗೇ ಬಿದ್ದಿದ್ದವು. ಒಂದು ಕಪಾಟು ಮಾಡಿಸಿಕೊಡಿ ಎಂದು ಅವಳು ಕೇಳಿದಾಗಲೆಲ್ಲ ಹಿಲ್ಮಿ, "ಪುಸ್ತಕ ಅಂದ್ರೆ ಧೂಳು, ಧೂಳು ಅಂದ್ರೆ ನನಗೆ ಸೀನು," ಎಂದು ಮಾತು ಮುಗಿಸಿಬಿಡುತ್ತಿದ್ದ.

ಅಂಥವನು ಒಂದು ವರ್ಷ, ಚಳಿಗಾಲದ ಬಿರುಗಾಳಿಗಳು ನಿಂತ ಹೊಸತರಲ್ಲಿ, ಊರಾಚೆಯ ದೊಡ್ಡ ಅಂಗಡಿಯೊಂದರಿಂದ ಮೂರು ಕಪಾಟು ತಂದ. ಅವು ಕಪಾಟಿನ ಹಾಗೆ ಬರಲಿಲ್ಲ, ಚಪ್ಪಟೆ ಡಬ್ಬಗಳಲ್ಲಿ ಹಲಗೆ ಹಲಗೆಯಾಗಿ ಬಂದವು. ಸಫಿನಾಜ್ ಆಗಿನ್ನೂ ಕೆಲಸದಲ್ಲಿದ್ದಳು. ಅವಳು ಶಾಲೆಗೆ ಹೋದ ಹೊತ್ತು ನೋಡಿ, ಅಂಗಿ ಬಿಚ್ಚಿಟ್ಟು, ಬನಿಯನ್ನಿನಲ್ಲಿ ನೆಲದ ಮೇಲೆ ಕೂತು, ಚಿತ್ರ ನೋಡಿಕೊಂಡು ಹಲಗೆಗೆ ಹಲಗೆ ಸೇರಿಸಿ ತಿರುಪು ಬಿಗಿದು ಮೂರನ್ನೂ ತಾನೇ ನಿಲ್ಲಿಸಿದ. ನಾನು ಸಹಾಯಕ್ಕೆ ಹೋದರೆ ಬಾಗಿಲಲ್ಲೇ ತಡೆದು, "ನೀನು ಬೇಡ ಅಬ್ಲಾ, ಸುಮ್ನೆ ಬೆನ್ನು ನೋಯಿಸ್ಕೋತೀಯ," ಎಂದ. ಹುಟ್ಟಿದಾಗಿನಿಂದ ಅಬ್ಲಾ, ಅಂದರೆ ಅಕ್ಕ, ಎಂದು ಕರೆದವನೇ ಹೊರತು ನನ್ನ ಬೆನ್ನಿನ ಚಿಂತೆ ಮಾಡಿದವನಲ್ಲ.

ಮಧ್ಯಾಹ್ನ ಸಫಿನಾಜ್ ಮೆಟ್ಟಿಲಿಳಿದು ಓಡಿ ಬಂದಳು. ಕಣ್ಣಲ್ಲಿ ನೀರು.

"ಅಬ್ಲಾ, ಬನ್ನಿ, ನೋಡ್ಬನ್ನಿ! ಕೊನೆಗೂ ಅವರಿಗೆ ನೆನಪಾಯ್ತು!"

ಹೋಗಿ ನೋಡಿದೆ. ನಾವು ದಮ್ಯಾತ್ ಕಡೆಯವರು. ಅದು ಬಡಗಿಗಳ ಊರು. ಅಲ್ಲಿ ಹುಟ್ಟಿದ ಮಗುವೂ ಬೀಚ್ ಮರಕ್ಕೂ ಓಕ್ ಮರಕ್ಕೂ ವ್ಯತ್ಯಾಸ ಹೇಳುತ್ತದೆ. ಈ ಕಪಾಟುಗಳ ಅಂಚಿಗೆ ಉಗುರು ತಾಗಿಸಿದೆ. ಮೇಲಿನ ಹೊಳಪಿನ ಹಾಳೆಯ ಕೆಳಗೆ ಮರದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ಒತ್ತಿಟ್ಟಿದ್ದರು.

"ಇದು ಮರ ಅಲ್ಲ ಕಣೇ ಸಾಫೀ," ಎಂದೆ. "ಮರ ಮಾಡ್ಕೊಂಡ ವಾಂತಿ."

ಅವಳು ನಕ್ಕಳು. ಅವಳಿಗೆ ಮರ ಯಾವುದಾದರೇನು? ಅಂದು ಸಂಜೆಯೇ ಪೆಟ್ಟಿಗೆಗಳನ್ನು ಎಳೆದು, ಒಂದೊಂದೇ ಪುಸ್ತಕ ಒರೆಸಿ ಜೋಡಿಸಿದಳು. ಕಪಾಟುಗಳನ್ನು ಕಿಟಕಿಯ ಎದುರಿಗೆ ಇಡೋಣ ಎಂದು ಅವಳು ಹೇಳಿದ್ದಕ್ಕೆ ಹಿಲ್ಮಿ, "ಬಿಸಿಲು ಬಿದ್ರೆ ಪುಸ್ತಕದ ಬಣ್ಣ ಹೋಗತ್ತೆ," ಎಂದು ಒಳಗಿನ ಗೋಡೆಗೇ ಒತ್ತಿ ನಿಲ್ಲಿಸಿದ್ದ. ಪುಸ್ತಕದ ಬಣ್ಣದ ಬಗ್ಗೆ ಅವನಿಗಿರುವ ಕಾಳಜಿ ಕಂಡು ಅವಳು ಇನ್ನಷ್ಟು ಕರಗಿದಳು.

ಕೆಲವು ತಿಂಗಳಲ್ಲೇ ಕಪಾಟಿನ ಕಿರುಗುಟ್ಟುವಿಕೆ ಶುರುವಾಯಿತು. ಟ್ರಾಮ್ ಹಾದುಹೋದರೆ ಕಿರ್ರ್. ಯಾರಾದರೂ ಹಜಾರ ದಾಟಿದರೆ ಕಿರ್ರ್. ಸುಮ್ಮನೆ ಕೂತು ಚಹಾ ಕುಡಿಯುವಾಗಲೂ, ಹಲ್ಲಿಲ್ಲದ ಮುದುಕ ಒಣ ರೊಟ್ಟಿ ಜಗಿಯುವ ಹಾಗೆ, ಅದರ ಮೂಳೆ ಮೂಳೆ ಸದ್ದು ಮಾಡುತ್ತಿತ್ತು. ಸದ್ದಿನ ಜೊತೆಗೆ ವಾಸನೆ. ಮೊದಮೊದಲು ಸಣ್ಣಗೆ, ಒದ್ದೆ ನಾಯಿಯ ಹಾಗೆ. ವಸಂತದ ಹಬ್ಬದ ದಿನ ಎಲ್ಲರ ಮನೆಯಲ್ಲೂ ಉಪ್ಪಲ್ಲಿ ಕೊಳೆಸಿದ ಮೀನು ತಿನ್ನುತ್ತೇವಲ್ಲ, ಮರುವರ್ಷ ಆ ವಾರವಿಡೀ ಹಿಲ್ಮಿ ತಪ್ಪನ್ನು ಮೀನಿನ ಮೇಲೆ ಹಾಕಿದ. ಮೀನಿನ ವಾಸನೆ ಹೋಗುವ ಹೊತ್ತಿಗೂ ಇದು ಹೋಗದಿದ್ದಾಗ ಸಮುದ್ರದ ಗಾಳಿ ಎಂದ. ಆಮೇಲೆ ಸಫಿನಾಜ್‌ಳ ಬೆಕ್ಕಿನ ಮೇಲೆ ಹೊರಿಸಿದ. ಬೂದು ಬಣ್ಣದ ಮುದಿ ಬೆಕ್ಕು, ಬಾಲ್ಕನಿಯ ಮರಳಿನ ತಟ್ಟೆ ಬಿಟ್ಟು ಬೇರೆಲ್ಲೂ ಕೂತದ್ದಲ್ಲ. "ಕಪಾಟಿನ ಹಿಂದೆ ಉಚ್ಚೆ ಹೊಯ್ತಾ ಇದೆ, ನಾನೇ ಕಣ್ಣಾರೆ ನೋಡ್ದೆ," ಎಂದ. ಒಂದು ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬಂದ. ಸಫಿನಾಜ್ ಎರಡು ದಿನ ಮಾರುಕಟ್ಟೆ ಸುತ್ತಿದಳು. ಸಿಗಲಿಲ್ಲ. ವಾಸನೆ ಇದ್ದಲ್ಲೇ ಇತ್ತು.

ಪ್ರತಿ ಗುರುವಾರ ಮಧ್ಯಾಹ್ನದ ನಿದ್ದೆ ಮುಗಿಸಿ ಶೌಕತ್ ಪಾಷಾ ಕೆಳಗಿಳಿದು ಬರುತ್ತಿದ್ದರು. ನಾಜ್ಲಿ ಹಾನಂ ಮನೆಯಲ್ಲಿ ಸಿಗರೇಟು ಸೇದಲು ಬಿಡುತ್ತಿರಲಿಲ್ಲ. ಹಿಲ್ಮಿಯ ಮನೆಯಲ್ಲಿ ಬಿಡುತ್ತಿದ್ದರು. ಇಬ್ಬರೂ ತವ್ಲಾ ಆಡುತ್ತಿದ್ದರು. ದಾಳ ಹಿಲ್ಮಿಯ ಕಡೆಗೇ ಬಿದ್ದರೂ ಅವನು ಕಾಯಿ ತಪ್ಪಾಗಿ ನಡೆಸಿ ಸೋಲುತ್ತಿದ್ದ. ಸೋತು, "ಪಾಷಾ ಎದುರಿಗೆ ನಮ್ಮ ಆಟ ನಡೆಯತ್ತಾ!" ಎಂದು ತೊಡೆ ತಟ್ಟಿ ನಗುತ್ತಿದ್ದ. ಇದೆಲ್ಲ ಯಾತಕ್ಕೆಂದು ಕಟ್ಟಡಕ್ಕೇ ಗೊತ್ತಿತ್ತು. ಊರಿನ ಒಂದು ದೊಡ್ಡ ಕ್ಲಬ್ಬಿನ ಸದಸ್ಯತ್ವ ಹಿಲ್ಮಿಗೆ ಬೇಕಿತ್ತು. ಪಾಷಾ ಒಂದು ಮಾತು ಹೇಳಿದರೆ ಸಿಗುತ್ತದೆ. ಪಾಷಾ ಪ್ರತಿ ಗುರುವಾರವೂ, "ನೆನಪಿದೆ ಕಣಯ್ಯ, ನೆನಪಿದೆ," ಎನ್ನುತ್ತಿದ್ದರು. ಈಜುಕೊಳದ ಪಕ್ಕ ಛತ್ರಿಯ ಕೆಳಗೆ ಕೂತು ನಿಂಬೆ ಶರಬತ್ತು ಕುಡಿಯುವ ಆಸೆ ನನ್ನ ತಮ್ಮನಿಗೆ. ಅವನಿಗೆ ಈಜೂ ಬರುವುದಿಲ್ಲ.

ಒಂದು ಗುರುವಾರ ಪಾಷಾ ದಾಳ ಕುಲುಕುತ್ತಾ, ಬೆನ್ನ ಹಿಂದಿನ ಸದ್ದಿಗೆ ಮುಖ ಸಿಂಡರಿಸಿ, "ನಿನ್ನ ಕಪಾಟು ತುಂಬಾ ಗೊಣಗತ್ತಲ್ಲೋ ಹಿಲ್ಮಿ, ನನ್ನ ಹೆಂಡ್ತಿ ಹಾಗೆ," ಎಂದರು.

ಅಷ್ಟೇ ಸಾಕಾಯಿತು. ಅವರು ಮೇಲೆ ಹೋದ ಕೂಡಲೇ ಹಿಲ್ಮಿ ಅಡುಗೆಮನೆಯಿಂದ ಬದನೆಕಾಯಿ ಕರಿದ ಹಳೇ ಎಣ್ಣೆ ತಂದು ಕಪಾಟಿನ ಸಂದುಸಂದಿಗೆಲ್ಲ ಚಮಚದಲ್ಲಿ ಬಿಟ್ಟ. ಸದ್ದು ನಿಲ್ಲಲಿಲ್ಲ. ಎಣ್ಣೆ ಮಾತ್ರ ಹಲಗೆ ಹಲಗೆಯ ಮೇಲೆ ಇಳಿದು, ಜಿಡ್ಡು ಕಟ್ಟಿ, ಧೂಳು ಹಿಡಿದು, ಮೂರೇ ದಿನಕ್ಕೆ ಮುಗ್ಗಿತು. ಇರುವೆ ಸಾಲುಗಟ್ಟಿದವು. ಒಂದು ಜಿರಲೆ ಅಂಟಿಕೊಂಡು ಸಾಯುತ್ತಿತ್ತು, ಮೀಸೆ ಇನ್ನೂ ಅಲ್ಲಾಡುತ್ತಿತ್ತು.

"ನಾನೇ ಸರಿ ಮಾಡ್ತೀನಿ," ಎಂದಳು ಸಫಿನಾಜ್. "ಪುಸ್ತಕ ಇಳಿಸಿ, ಕಪಾಟನ್ನ ಮಲಗಿಸಿ, ತಿರುಪೆಲ್ಲ ಬಿಗಿ ಮಾಡಿದ್ರೆ ಆಯ್ತು. ಕೀಲುಗಳಿಗೆ ಒಣ ಸಾಬೂನು ತಿಕ್ಕಬೇಕು. ಕಾಲಿನ ಕೆಳಗೆ ರಟ್ಟು ಕೊಟ್ಟು ಸಮ ಮಾಡ್ಬೇಕು."

"ಮುಟ್ಟಬೇಡ!" ಎಂದು ಹಿಲ್ಮಿ ಕೂಗಿಯೇಬಿಟ್ಟ. ಆಮೇಲೆ ದನಿ ತಗ್ಗಿಸಿ, "ಮೈಮೇಲೆ ಬಿದ್ದು ಕೈಕಾಲು ಮುರ್ಕೋತೀಯ," ಎಂದ.

ಅವಳು ಅದನ್ನೂ ಪ್ರೀತಿ ಎಂದೇ ತಿಳಿದಳು. ಗಂಡನಿಗೆ ಹೇಳದೆ ರಿಪೇರಿ ಮಾಡಿ ಅವನನ್ನು ಅಚ್ಚರಿಗೊಳಿಸಬೇಕು ಎಂದುಕೊಂಡಳು. ಮುಂದಿನ ಬುಧವಾರ ಹಳೇ ಸಹೋದ್ಯೋಗಿಯೊಬ್ಬನ ಸಾವಿಗೆ ಮಾತನಾಡಿಸಿ ಬರಲು ಹಿಲ್ಮಿ ತಂತಾ ಊರಿಗೆ ಹೊರಟ. ಅವನ ಟ್ಯಾಕ್ಸಿ ತಿರುವು ದಾಟಿತೋ ಇಲ್ಲವೋ, ಸಫಿನಾಜ್ ಸ್ಕ್ರೂಡ್ರೈವರ್, ಸುತ್ತಿಗೆ, ಆಲಿವ್ ಎಣ್ಣೆಯ ಸಾಬೂನಿನ ಗಟ್ಟಿ ಹಿಡಿದು ನನ್ನ ಬಾಗಿಲು ತಟ್ಟಿದಳು.

ಮೊದಲನೇ ಕಪಾಟಿನ ಪುಸ್ತಕ ಇಳಿಸಿದೆವು. ಮೇಲಿನ ಸಾಲು ಚೆನ್ನಾಗಿತ್ತು. ಕೆಳಕ್ಕೆ ಬಂದ ಹಾಗೆ ಪುಸ್ತಕಗಳು ಭಾರವಾದವು. ಕೊನೆಯ ಸಾಲಿನಲ್ಲಿ ಅವಳ ತಂದೆಯ ದೊಡ್ಡ ಭೂಪಟದ ಸಂಪುಟ ಹಿಡಿದು ಎಳೆದಳು. ರಟ್ಟು ಕೈಗೆ ಬಂತು, ಒಳಗಿನದು ಅಲ್ಲೇ ಉಳಿಯಿತು. ರಟ್ಟನ್ನು ತಿರುಗಿಸಿ ನೋಡಿದಳು. ಒಳಮೈಯಲ್ಲಿ ಹಸಿರು ತುಪ್ಪಳದ ಹಾಗೆ ಬೂಷ್ಟು ಬೆಳೆದಿತ್ತು.

"ಎಣ್ಣೆ ಇಳಿದಿರ್ಬೇಕು," ಎಂದಳು ಮೆಲ್ಲಗೆ.

"ಎಣ್ಣೆಗೆ ಗಡ್ಡ ಬೆಳೆಯಲ್ಲ ಸಾಫೀ," ಎಂದೆ.

ಇಬ್ಬರೂ ಸೇರಿ ಕಪಾಟನ್ನು ಮುಂದಕ್ಕೆ ಎಳೆದೆವು. ಅದರ ಬುಡ ನೀರು ಕುಡಿದ ಬಿಸ್ಕತ್ತಿನ ಹಾಗೆ ಉಬ್ಬಿ, ಎಳೆದ ಕಡೆಯೆಲ್ಲ ನೆಲದ ಮೇಲೆ ಕಂದು ಗಂಜಿ ಬಿಟ್ಟುಕೊಂಡು ಬಂತು. ಬೆನ್ನಿನ ತೆಳು ಹಲಗೆ ಕಪ್ಪಾಗಿ, ನೆನೆದ ಕಾಗದವಾಗಿ, ಮೊಳೆಗಳಿಂದ ಕಳಚಿ ಜೋತಾಡುತ್ತಿತ್ತು. ಅದರ ಹಿಂದಿನಿಂದ ಹೊರಟ ಗಾಳಿ ಮುಖಕ್ಕೆ ಹೊಡೆಯಿತು. ಅದು ಒದ್ದೆ ನಾಯಿಯಲ್ಲ. ಅದು ಏನೆಂದು ನನ್ನ ಮೂಗಿಗೆ ತಕ್ಷಣ ಗೊತ್ತಾಯಿತು. ಆಸ್ಪತ್ರೆಯ ಗಂಡಸರ ವಾರ್ಡಿನ ಮೂಲೆಯಲ್ಲಿ ಒಂದು ಕಟ್ಟಿಕೊಂಡ ಕಕ್ಕಸಿತ್ತು. ಅದರ ಬಾಗಿಲು ತೆರೆದಾಗ ಬರುತ್ತಿದ್ದದ್ದು ಇದೇ.

ಗೋಡೆಯ ಮೇಲಿಂದ ಕೆಳಗಿನವರೆಗೆ ಗಾರೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಅದರ ಮೇಲೆ ಹಳದಿ, ಕಂದು, ಕಪ್ಪು ಧಾರೆಗಳು, ಹಳೆಯದರ ಮೇಲೆ ಹೊಸದು. ಬಿರುಕಿನಲ್ಲಿ ಏನೋ ಬೆಳ್ಳಗೆ ಹರಿದಾಡುತ್ತಿತ್ತು. ಎರಡನೇ ಕಪಾಟನ್ನು ಎಳೆದಾಗ ಇಡೀ ಒಂದು ಪಾಳಯ ಜಿರಲೆ ದಿಕ್ಕೆಟ್ಟು ನಮ್ಮ ಚಪ್ಪಲಿಯ ಮೇಲೆ ಹತ್ತಿ ಓಡಿತು. ನಾನು ಬಾಲ್ಕನಿಗೆ ಓಡಿದ್ದು ಆಗ.

ತಿರುಗಿ ಬಂದಾಗ ಸಫಿನಾಜ್ ಗೋಡೆ ನೋಡುತ್ತಿರಲಿಲ್ಲ. ಕಪಾಟಿನ ಬೆನ್ನು ನೋಡುತ್ತಿದ್ದಳು. ಅಲ್ಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಚಿನಿಂದ ಅಂಚಿಗೆ ಅಳತೆ ಮಾಡಿ ಕತ್ತರಿಸಿ, ಅಗಲ ಟೇಪಿನಿಂದ ಅಚ್ಚುಕಟ್ಟಾಗಿ ಅಂಟಿಸಿದ್ದರು. ಎಳೆದು ನೋಡಿದರೆ ಮೂರಕ್ಕೂ. ನಡುವೆ ಒಂದು ಮೊಳೆಗೆ ಹೆಂಗಸರ ಉದ್ದ ಕಾಲುಚೀಲ ನೇತಾಡುತ್ತಿತ್ತು. ಅದರ ತುಂಬ ಬಿಳಿ ನುಸಿಗುಳಿಗೆ. ಪಕ್ಕದಲ್ಲಿ ಕಕ್ಕಸಿಗೆ ಹಾಕುವ ನೀಲಿ ಸುವಾಸನೆಯ ಬಿಲ್ಲೆ, ಒಂದಲ್ಲ, ಹಳೆಯದು ಕರಗಿದ ಮೇಲೆ ಹೊಸದು ಸಿಕ್ಕಿಸಿದ ಹಾಗೆ ನಾಲ್ಕಾರು.

"ಈ ಕಾಲುಚೀಲ ನಂದು," ಎಂದಳು ಸಫಿನಾಜ್. "ಇದನ್ನ ಹುಡುಕಿದ್ದೆ ನಾನು."

ಅವಳ ಮುಖ ನೋಡಲು ನನಗಾಗಲಿಲ್ಲ. ಬಕೆಟ್ಟು ತಂದೆ.

ಹಿಲ್ಮಿ ಸಂಜೆಗೆ ಮುಂಚೆಯೇ ಬಂದ. ಕೈಯಲ್ಲಿ ತಂತಾದ ಕಡಲೆ ಮಿಠಾಯಿಯ ಡಬ್ಬ. ಹಜಾರದಲ್ಲಿ ಕಪಾಟುಗಳು ಅಡ್ಡಡ್ಡ ಮಲಗಿದ್ದವು, ಪುಸ್ತಕಗಳು ಬಾಲ್ಕನಿಯಲ್ಲಿ ಬಿಸಿಲಿಗೆ ಬಾಯಿ ತೆರೆದುಕೊಂಡಿದ್ದವು, ಗೋಡೆ ಬೆತ್ತಲೆಯಾಗಿ ನಿಂತಿತ್ತು. ಅವನು ಬಾಗಿಲಲ್ಲೇ ನಿಂತ.

"ಅಯ್ಯೋ ದೇವರೇ," ಎಂದ. "ಏನಿದು? ನನಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿರ್ಲಿಲ್ವಾ?" ಎಂದಳು ಸಫಿನಾಜ್. "ಹಾಗಾದ್ರೆ ನನ್ನ ಕಾಲುಚೀಲ ಅದಾಗಿ ಅದೇ ನಡ್ಕೊಂಡು ಬಂದು ಮೊಳೆಗೆ ನೇತಾಕ್ಕೊಳ್ತಾ?"

ಅವನು ನನ್ನ ಕಡೆ ನೋಡಿದ. ಚಿಕ್ಕಂದಿನಲ್ಲಿ ಏನಾದರೂ ಒಡೆದಾಗ ನೋಡುತ್ತಿದ್ದ ಹಾಗೆಯೇ.

"ನನ್ನ ಮುಖದಲ್ಲಿ ಏನಿದೆಯೋ? ಅವಳಿಗೆ ಹೇಳು," ಎಂದೆ.

ಆಗ ಬಾಯಿ ಬಿಟ್ಟ. ಮೇಲಿನ ಮನೆಯ ಕಕ್ಕಸಿನ ಪೈಪು ಒಡೆದದ್ದು ಅವನಿಗೆ ಆ ಚಳಿಗಾಲದಲ್ಲೇ ಗೊತ್ತಾಗಿತ್ತು. ಗೋಡೆಯಲ್ಲಿ ಮೊದಲ ಕಲೆ ಕಂಡಾಗ ಪ್ಲಂಬರ್‌ನನ್ನು ಕರೆಸಿದ್ದ. ಮೇಲೆ ನೆಲ ಒಡೆಯಬೇಕು ಎಂದು ಅವನು ಹೇಳಿದ್ದಕ್ಕೆ ಅವನ ಕೈಗೆ ಏನೋ ತುರುಕಿ ಬಾಯಿ ಮುಚ್ಚಿಸಿ ಕಳಿಸಿದ್ದ. ಆ ಮೇಲೆಯೇ ಕಪಾಟು ಬಂದದ್ದು.

"ನೀನೇ ಹೇಳು ಸಾಫೀ," ಎಂದ, ದನಿ ಅಳುವ ಹಾಗಾಗಿತ್ತು. "ಅಂಥ ಮನುಷ್ಯ. ನೂರಾರು ಜನರಿಗೆ ತೀರ್ಪು ಕೊಟ್ಟವರು. ಅವರ ಮನೆ ಬಾಗಿಲಿಗೆ ಹೋಗಿ, ನಿಮ್ಮ ಕಕ್ಕಸು ನಮ್ಮ ಹಜಾರಕ್ಕೆ ಸೋರ್ತಿದೆ ಅಂತ ಹೇಗೆ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ?"

"ನಿಮಗೆ ಹೇಳಕ್ಕೆ ಅಸಹ್ಯ ಆಯ್ತು," ಎಂದಳು ಅವಳು. "ನಾವು ಅದರ ಪಕ್ಕ ಕೂತು ಊಟ ಮಾಡೋದು ಅಸಹ್ಯ ಆಗ್ಲಿಲ್ಲ."

"ಕ್ಲಬ್ಬಿನ ಕೆಲಸ ಒಂದು ಆಗ್ಲಿ ಅಂತ…"

"ನಮ್ಮಪ್ಪನ ಪುಸ್ತಕ, ಹಿಲ್ಮಿ. ನಮ್ಮಪ್ಪನ ಪುಸ್ತಕಾನ ಕಕ್ಕಸಿನ ನೀರಿಗೆ ಅಡ್ಡ ಇಟ್ರಿ. ನಾನು ನಿಮ್ಮ ಕೈ ಹಿಡ್ಕೊಂಡು ಅತ್ತೆ ಅವತ್ತು. ಅಳೋದನ್ನ ನೋಡ್ತಾ ನಿಂತಿದ್ರಲ್ಲ."

ಅವನು ಮಿಠಾಯಿಯ ಡಬ್ಬವನ್ನು ಮೇಜಿನ ಮೇಲಿಟ್ಟು, ಏನೂ ತೋಚದೆ ಅದನ್ನು ತೆರೆದು, "ಒಂದು ತಗೋ," ಎಂದ. ನನ್ನ ತಮ್ಮನನ್ನು ಎತ್ತಿ ಆಡಿಸಿದವಳು ನಾನು. ಆ ಕ್ಷಣ ಅವನ ಕೈ, ಆ ಮಿಠಾಯಿ, ಮಿಠಾಯಿಗೆ ಅಂಟಿದ ಬೆರಳು ನೋಡಿ ಬಕೆಟ್ಟಿನಲ್ಲಿದ್ದುದರಿಂದಲೂ ಆಗದಷ್ಟು ಹೇಸಿಗೆಯಾಯಿತು.

ಮರುದಿನವೇ ಗುರುವಾರ. ಬೆಳಗ್ಗೆಯೇ ಮೇಲಿನಿಂದ ಅವನ ಗೋಗರೆತ ಕೇಳಿಸುತ್ತಿತ್ತು: ಇವತ್ತೊಂದು ದಿನ, ಇವತ್ತೊಂದೇ ದಿನ ಕಪಾಟು ನಿಲ್ಲಿಸೋಣ, ನಾಳೆ ನಾನೇ ಎಲ್ಲ ನೋಡಿಕೊಳ್ಳುತ್ತೇನೆ. ಮಧ್ಯಾಹ್ನ ನಾನು ಹೋದಾಗ ಸಫಿನಾಜ್ ಬಾಲ್ಕನಿಯಲ್ಲಿ ಕೂತು, ಅಂಟಿಕೊಂಡ ಪುಟಗಳನ್ನು ಚಾಕುವಿನ ಬೆನ್ನಿನಿಂದ ಬಿಡಿಸುತ್ತಿದ್ದಳು. ಹಿಲ್ಮಿ ಒಳಗೆ, ಅತಿಥಿ ಬರುವ ದಿನದ ಇಸ್ತ್ರಿ ಅಂಗಿಯಲ್ಲಿ, ಮಂಡಿಯೂರಿ ಕಪಾಟು ಕಟ್ಟುತ್ತಿದ್ದ. ತಿರುಪು ತಿರುಗಿಸಿದರೆ ಅದು ಉಬ್ಬಿದ ಹೊಟ್ಟಿನೊಳಗೆ ಗಂಜಿಯಲ್ಲಿ ಚಮಚ ತಿರುಗಿದ ಹಾಗೆ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಅವನು ಟೇಪು ಸುತ್ತಿದ. ಹಗ್ಗ ಕಟ್ಟಿದ. ಹೇಗೋ ಒಂದನ್ನು ನಿಲ್ಲಿಸಿ, ಅದರ ಹೆಗಲಿಗೆ ಹೆಗಲು ಕೊಟ್ಟು ನಿಂತು, ನನ್ನ ಕಡೆ ನೋಡಿ ನಕ್ಕ.

ಟ್ರಾಮ್ ಬಂತು. ಕಪಾಟು ಒಂದು ಸಲ ಕಿರ್ರೆಂದು, ಕುಡುಕನ ಹಾಗೆ ನಿಧಾನಕ್ಕೆ ಒಂದು ಬದಿಗೆ ವಾಲಿ, ಮೊಣಕಾಲು ಮಡಿಸಿ, ಅವನನ್ನೂ ಎಳೆದುಕೊಂಡು ಕುಸಿಯಿತು. ಏಟೇನೂ ಆಗಲಿಲ್ಲ. ಆದರೆ ತಲೆಯಿಂದ ಕಾಲಿನವರೆಗೆ ಕಂದು ಹೊಟ್ಟು ಮೆತ್ತಿಕೊಂಡಿತು, ಇಸ್ತ್ರಿ ಅಂಗಿಯ ಮೇಲೆ ಆ ಗೋಡೆಯ ಕೀವು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಹಿಲ್ಮಿ ಎದ್ದವನೇ ಮಲಗುವ ಕೋಣೆಗೆ ನುಗ್ಗಿ, ಮಂಚದ ಮೇಲಿನ ಹೊದಿಕೆ ಎಳೆದು ತಂದ. ಮೊಳೆ ಹುಡುಕಲು ಹೊತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ ಹೊದಿಕೆಯ ತುದಿಗಳನ್ನು ಗೋಡೆಗೆ ಒತ್ತಿ ಹಿಡಿದು ಹಾಗೇ ನಿಂತುಬಿಟ್ಟ. ಸಫಿನಾಜ್ ಬಾಲ್ಕನಿಯಿಂದ ಬಂದಳು, ಕೈ ಒರೆಸಿಕೊಂಡಳು, ಹೋಗಿ ಬಾಗಿಲು ತೆಗೆದಳು.

"ಬನ್ನಿ ಪಾಷಾ, ನಿಮ್ಮನ್ನೇ ಕಾಯ್ತಿದ್ವಿ."

ಪಾಷಾ ಊರುಗೋಲು ಕುಟ್ಟುತ್ತಾ ಒಳಗೆ ಬಂದರು. ನೆಲದ ಮೇಲಿನ ಹಲಗೆಗಳನ್ನು ನೋಡಿದರು, ಗೋಡೆಗೆ ಆತುಕೊಂಡ ನನ್ನ ತಮ್ಮನನ್ನು ನೋಡಿದರು.

"ಇದೇನಯ್ಯ ಹಿಲ್ಮಿ? ಗೋಡೆಗೆ ಬಟ್ಟೆ ತೊಡಿಸ್ತಿದ್ದೀಯಾ?"

"ಸ್ವಲ್ಪ… ಸುಣ್ಣ ಬಳಿಸೋಣ ಅಂತ ಪಾಷಾ. ಅಳತೆ ತಗೋತಿದ್ದೆ."

"ಹಿಲ್ಮಿ, ಕೈ ಬಿಡಿ," ಎಂದಳು ಸಫಿನಾಜ್.

ಅವನು ಬಿಡಲಿಲ್ಲ. ಹೊದಿಕೆಯನ್ನು ಇನ್ನೂ ಗಟ್ಟಿಯಾಗಿ ಗೋಡೆಗೆ ಒತ್ತಿದ. ನಾನು ಹೋಗಿ ಕೆಳಗಿನ ತುದಿ ಹಿಡಿದು ಎಳೆದೆ. ಹೊದಿಕೆ ಬಿತ್ತು.

ಪಾಷಾ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಹತ್ತಿರ ಹೋಗಿ ಊರುಗೋಲಿನ ತುದಿಯಿಂದ ಗಾರೆಯನ್ನು ಮುಟ್ಟಿದರು. ಒಂದು ದೊಡ್ಡ ಚಕ್ಕೆ ಕಳಚಿ ನೆಲಕ್ಕೆ ಬಿದ್ದು ಮುದ್ದೆಯಾಯಿತು.

"ಇದು ನಮ್ಮ ಆ ಪೈಪಿನದಾ?" ಎಂದರು. "ಒಣಗಿ ಹೋಯ್ತು ಅಂದಿದ್ಯಲ್ಲೋ ನೀನು?"

"ಯಾವಾಗ ಅಂದ್ರು ಪಾಷಾ?" ಎಂದಳು ಸಫಿನಾಜ್.

"ಶುರುವಲ್ಲೇ ಕಣಮ್ಮ. ನಮ್ಮ ಸ್ನಾನದ ಮನೆಯಲ್ಲಿ ನೀರು ನಿಲ್ತಿತ್ತು. ಕೆಳಗೆ ಇಳೀತಿರಬಹುದು, ನೆಲ ಒಡೆಸಿ ಸರಿ ಮಾಡಿಸೋಣ ಅಂತ ನಾಜ್ಲಿ ಹೇಳಿದ್ಲು. ನಾನೇ ಇವನನ್ನ ಕರೆಸಿ ಕೇಳ್ದೆ. ಒಂದು ಹನಿ ಇಲ್ಲ ಪಾಷಾ, ಇದ್ದ ಸ್ವಲ್ಪಾನೂ ಒಣಗಿ ಹೋಯ್ತು, ಆ ಧೂಳು, ಆ ಗಲಾಟೆ ನಿಮಗ್ಯಾಕೆ ಅಂದ. ಅವನೇ ಬೇಡ ಅಂದ ಮೇಲೆ ನಾನು ಬಲವಂತ ಮಾಡಕ್ಕಾಗತ್ತಾ?"

ಹಾಗಾದರೆ ಅವರು ಕೇಳಿದ್ದರು. ಇವನು ಹೆದರಿ ಹೇಳದೆ ಉಳಿದದ್ದಲ್ಲ, ಕೇಳಿದಾಗ ಬೇಡ ಎಂದಿದ್ದ. ಅವರ ಮನೆಯಲ್ಲಿ ಒಂದು ವಾರ ಧೂಳಾಗಬಾರದೆಂದು ತನ್ನ ಮನೆಗೆ ಆ ಹೊಲಸನ್ನು ಕೈಮುಗಿದು ಬರಮಾಡಿಕೊಂಡಿದ್ದ. ಸಫಿನಾಜ್ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ವಾರವಾರ ಇದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ರಲ್ಲ ಪಾಷಾ," ಎಂದೆ. "ನಿಮ್ಮ ಮೂಗಿಗೆ ಏನೂ ಬರ್ಲಿಲ್ವಾ?"

"ಬರ್ತಿತ್ತು," ಎಂದರು ಅವರು, ಕರವಸ್ತ್ರದ ಹಿಂದಿನಿಂದ, ಒಂಚೂರೂ ಮುಜುಗರವಿಲ್ಲದೆ. "ಇನ್ನೊಬ್ಬರ ಮನೆ ವಾಸನೆ ಬಗ್ಗೆ ಮಾತಾಡೋದು ಮರ್ಯಾದಸ್ಥರ ಲಕ್ಷಣ ಅಲ್ಲ."

"ಅದು ನಿಮ್ಮದೇ ಮನೇದು ಪಾಷಾ," ಎಂದಳು ಸಫಿನಾಜ್. "ಇವತ್ತು ಆಟ ಇಲ್ಲ. ಮೇಲೆ ಹೋಗಿ ಪ್ಲಂಬರ್‌ಗೆ ಫೋನ್ ಮಾಡಿ. ಅವನು ಬರೋವರೆಗೆ ಆ ಕಕ್ಕಸಿಗೆ ನೀರು ಬಿಡಬೇಡಿ."

ಅಷ್ಟು ವರ್ಷ ಜನರನ್ನು ಎದ್ದು ನಿಲ್ಲಿಸಿ ಮಾತಾಡಿಸಿದ ಮನುಷ್ಯ. ಊರುಗೋಲಿನ ತುದಿಯನ್ನು ನೆಲದ ಮೇಲೆ ಬಿದ್ದಿದ್ದ ಮಂಚದ ಹೊದಿಕೆಗೆ ಒರೆಸಿ, ಹೊರಟರು. ಅದನ್ನು ಅವರು ಬೇಕೆಂದು ಮಾಡಿದರೋ ಯೋಚಿಸದೆ ಮಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಿಲ್ಮಿ ಅವರ ಹಿಂದೆಯೇ ಮೆಟ್ಟಿಲಿನವರೆಗೆ ಓಡಿ, "ಹೆಂಗಸರು ಪಾಷಾ, ಮನಸ್ಸಿಗೆ ಹಚ್ಕೋಬೇಡಿ," ಎನ್ನುತ್ತಿದ್ದುದು ಕಟ್ಟಡಕ್ಕೆಲ್ಲ ಕೇಳಿತು.

ಪೈಪು ಹೊಸದಾಯಿತು. ನಮ್ಮ ಗೋಡೆಯ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆದರು. ಅದು ಒಣಗಲು ಇಡೀ ಬೇಸಿಗೆ ಬೇಕಾಯಿತು. ಕಪಾಟಿನ ಹಲಗೆಗಳನ್ನು ಬೀದಿಯ ಕಸದ ತೊಟ್ಟಿಯ ಪಕ್ಕ ಇಟ್ಟೆವು. ಎತ್ತಿಕೊಂಡು ಹೋಗಲು ಬಂದ ಗುಜರಿಯವನೂ ಒಂದು ಸಲ ಮೂಸಿ ಅಲ್ಲೇ ಬಿಟ್ಟು ಹೋದ. ಪುಸ್ತಕಗಳಲ್ಲಿ ಅರ್ಧ ಉಳಿದವು. ಭೂಪಟದ ಸಂಪುಟ ಉಳಿಯಲಿಲ್ಲ. ಒಂದು ದಿನ ನಾಜ್ಲಿ ಹಾನಂ ಒಂದು ತಟ್ಟೆ ರವೆಯ ಸಿಹಿ, ಬಸ್ಬೂಸ, ಕಳಿಸಿದರು. ಸಫಿನಾಜ್ ತಟ್ಟೆಯ ಮೇಲಿನ ಬಟ್ಟೆಯನ್ನೂ ತೆಗೆಯದೆ ಕಾವಲುಗಾರನ ಹೆಂಡತಿಗೆ ಕೊಟ್ಟುಬಿಟ್ಟಳು. ಪಾಷಾ ಮತ್ತೆ ಕೆಳಗೆ ಬರಲಿಲ್ಲ. ಈಗ ಐದನೇ ಮಹಡಿಯ ದಂತವೈದ್ಯನ ಮನೆಯಲ್ಲಿ ಆಡುತ್ತಾರಂತೆ. ಹಿಲ್ಮಿಗೆ ಇವತ್ತಿಗೂ ದುಃಖವಿರುವುದು ಅದಕ್ಕೇ.

ಸಫಿನಾಜ್ ಅವನನ್ನು ಬಿಟ್ಟು ಹೋಗಲಿಲ್ಲ. ಎಲ್ಲಿಗೆ ಹೋಗುತ್ತಾಳೆ, ಈ ವಯಸ್ಸಿನಲ್ಲಿ? ಬಯ್ಯಲೂ ಇಲ್ಲ. ಅವನ ಬಟ್ಟೆ ಒಗೆಯುತ್ತಾಳೆ, ಅಡುಗೆ ಮಾಡಿಡುತ್ತಾಳೆ. ಆದರೆ ಅವನ ಜೊತೆ ಕೂತು ಉಣ್ಣಲು ಅವಳಿಂದ ಆಗುವುದಿಲ್ಲ. ಗೋಡೆ ಒಣಗುವ ತನಕ ಎಂದು ಶುರುವಾದದ್ದು ಗೋಡೆ ಒಣಗಿದ ಮೇಲೂ ನಿಲ್ಲಲಿಲ್ಲ. ಮಧ್ಯಾಹ್ನ ಪಾತ್ರೆ ಹಿಡಿದು ನನ್ನ ಮನೆಗೆ ಬರುತ್ತಾಳೆ.

"ಅವರು ತುತ್ತು ಬಾಯಿಗಿಡೋದು ನೋಡಿದ್ರೆ ಸಾಕು ಅಬ್ಲಾ," ಎಂದಳು ಒಂದು ದಿನ, "ನನಗೆ ಇಳಿಯಲ್ಲ."

ಏನು ಹೇಳಲಿ? ಅವನು ನನ್ನ ತಮ್ಮ. ಆದರೂ ಯಾಕೋ ಅವಳಿಗೆ ಬುದ್ಧಿ ಹೇಳಬೇಕು ಅಂತ ನನಗೆ ಅನ್ನಿಸಲಿಲ್ಲ. ಅವಳ ತಟ್ಟೆಗೆ ಇನ್ನೊಂದು ಸೌಟು ಮುಲುಖಿಯಾ ಸೊಪ್ಪಿನ ಸಾರು ಬಡಿಸಿದೆ.

ಕಳೆದ ವಾರ ನಾವಿಬ್ಬರೂ ಊಟಕ್ಕೆ ಕೂತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಹಿಲ್ಮಿ. ತನ್ನ ತಟ್ಟೆಯನ್ನು ತಾನೇ ಹಿಡಿದು, ಅನ್ನದ ಮೇಲೆ ರೊಟ್ಟಿ ಮುಚ್ಚಿಕೊಂಡು, ಮೆಟ್ಟಿಲಿಳಿದು ಬಂದಿದ್ದ.

"ಒಬ್ಬನೇ ಕೂತು ತಿನ್ನೋದು ಬೇಜಾರಾಗತ್ತೆ ಅಬ್ಲಾ," ಎಂದ. "ಜಾಗ ಇದೆಯಾ?"

"ಕ್ಲಬ್ಬಲ್ಲಿ ಕೇಳಿದ್ಯಾ?" ಎಂದೆ.

ಅವನು ತಟ್ಟೆ ಹಿಡಿದುಕೊಂಡೇ ಒಳಗೆ ಬಂದ. ಸಫಿನಾಜ್ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದಳು. ಆಮೇಲೆ ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಉಂಡಳು. ಅವನು ಅವಳ ಕುರ್ಚಿಯಲ್ಲಿ ಕೂತು, ನನ್ನ ಎದುರಿಗೆ, ಪೂರ್ತಿ ತಟ್ಟೆ ಖಾಲಿ ಮಾಡಿದ.